ಒಳಗಿನ ಪ್ಯಾಡ್ ನೋಡಿದ್ರಾ?

ಕಾರು ಗ್ಯಾರೇಜಿನ ಒಳಗೆ ಬರುವ ಮೊದಲೇ ಸದ್ದು ಕೇಳಿಸಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ, ಹಲ್ಲು ಜುಮ್ಮೆನ್ನಿಸುವ ಸದ್ದು. ಮುಂದಿನ ಎಡ ಚಕ್ರದಿಂದ ಬರುತ್ತಿತ್ತು. ಆರು ತಿಂಗಳ ಹಿಂದೆ ಅದೇ ಕಾರಿಗೆ ನಾನೇ ಹೊಸ ಬ್ರೇಕ್ ಪ್ಯಾಡ್ ಹಾಕಿ ಕಳಿಸಿದ್ದೆ.

"ಹೊಸ ಪ್ಯಾಡ್ ಇಷ್ಟು ಬೇಗ ಹೋಗುತ್ತಾ?" ಅಂತ ಕಾರಿನವರು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ಕ್ಷಣಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಚಕ್ರ ಬಿಚ್ಚಿದೆ. ಹೊರಗಿನ ಪ್ಯಾಡ್ ಹೆಚ್ಚುಕಮ್ಮಿ ಹೊಸದರಷ್ಟೇ ದಪ್ಪ ಇತ್ತು. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡುಗಳನ್ನು ಎರಡು ಕಡೆಯಿಂದ ಒತ್ತುವ ಭಾಗವೇ ಕ್ಯಾಲಿಪರ್. ಅದನ್ನು ಬಿಚ್ಚಿ ಒಳಗಿನ ಪ್ಯಾಡ್ ಕೈಗೆ ತೆಗೆದುಕೊಂಡೆ. ಲೈನಿಂಗ್, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಪೂರ್ತಿ ಸವೆದು, ಹಿಂದಿನ ಕಬ್ಬಿಣದ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಡಿಸ್ಕಿನ ಒಳಮೈ ತುಂಬ ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ.

ಕ್ಯಾಲಿಪರ್ ಜಾರುವ ಪಿನ್‌ಗಳನ್ನು ಎಳೆದು ನೋಡಿದೆ. ಮೇಲಿನದು ಬಂತು. ಕೆಳಗಿನದು ಅಲುಗಾಡಲೇ ಇಲ್ಲ. ಅದರ ರಬ್ಬರ್ ಬೂಟ್ ಹರಿದು, ನೀರು ಹೋಗಿ, ಒಳಗೆಲ್ಲ ತುಕ್ಕು ಹಿಡಿದಿತ್ತು. ಇದು ಆರು ತಿಂಗಳಲ್ಲಿ ಆದದ್ದಲ್ಲ. ನಾನು ಪ್ಯಾಡ್ ಹಾಕಿದ ದಿನವೇ ಆ ಪಿನ್ ಹಿಡಿದುಕೊಂಡಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಆಯಿಲ್ ಒತ್ತಡಕ್ಕೆ ಮುಂದೆ ಬರುವ ಕ್ಯಾಲಿಪರಿನ ಪಿಸ್ಟನ್ ಒಂದೇ ಕಡೆ ಇರುತ್ತದೆ, ಒಳಗಡೆ. ಬ್ರೇಕ್ ಒತ್ತಿದಾಗ ಅದು ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಡಿಸ್ಕಿಗೆ ಎಳೆದುಕೊಳ್ಳುತ್ತದೆ. ಪಿನ್ ಜಾರದಿದ್ದರೆ ಹೊರಗಿನ ಪ್ಯಾಡ್ ಸರಿಯಾಗಿ ಹಿಡಿಯುವುದಿಲ್ಲ. ಕಾಲು ಎತ್ತಿದ ಮೇಲೂ ಒಳಗಿನದು ಡಿಸ್ಕನ್ನು ಬಿಡುವುದಿಲ್ಲ. ಕಾರು ಓಡಿದಷ್ಟೂ ಹೊತ್ತು ಉಜ್ಜುತ್ತಲೇ ಇರುತ್ತದೆ.

ಆ ದಿನದಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಪ್ಯಾಡ್ ಬದಲಿಸುವುದು ಸುಲಭ, ಹಳೆಯದು ಯಾಕೆ ಹಾಗೆ ಸವೆಯಿತು ಅಂತ ಕಂಡುಹಿಡಿಯುವುದೇ ಬ್ರೇಕ್ ಕೆಲಸ.

ಈಗ ಕಾರು ಬಂದರೆ ಮೊದಲು ಓಡಿಸಿ ನೋಡುತ್ತೇನೆ. ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುತ್ತಾ? ಸ್ಟೀರಿಂಗ್ ನಡುಗುತ್ತಾ? ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದೆಯಾ? ವಾಪಸ್ ಬಂದ ಮೇಲೆ ಚಕ್ರಗಳ ಹತ್ತಿರ ಅಂಗೈ ಹಿಡಿಯುತ್ತೇನೆ, ಮುಟ್ಟುವುದಿಲ್ಲ. ಎಡಕ್ಕೂ ಬಲಕ್ಕೂ ಬಿಸಿಯಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ, ಬಿಸಿಯಾದ ಕಡೆ ಏನೋ ಹಿಡಿದುಕೊಂಡಿದೆ ಅಂತ ಅನುಮಾನ.

ಆಮೇಲೆ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚುತ್ತೇನೆ. ಬರೀ ಜಾಕ್ ನಂಬಿ ಕಾರಿನ ಹತ್ತಿರ ಕೈ ಹಾಕುವುದಿಲ್ಲ. ನಾಲ್ಕು ಪ್ಯಾಡುಗಳನ್ನೂ ಹೊರಗೆ ತೆಗೆದು ಸಾಲಾಗಿ ಜೋಡಿಸುತ್ತೇನೆ: ಎಡ ಒಳಗಿನದು, ಎಡ ಹೊರಗಿನದು, ಬಲದ್ದು ಅದೇ ಥರ. ಈ ಸಾಲು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ನಾಲ್ಕೂ ಒಂದೇ ಸಮ ಸವೆದಿದ್ದರೆ ನೆಮ್ಮದಿ. ಒಂದು ಪ್ಯಾಡ್ ತುದಿಯಿಂದ ತುದಿಗೆ ಓರೆಯಾಗಿ ಸವೆದಿದ್ದರೆ ಕ್ಯಾಲಿಪರ್ ನೇರವಾಗಿ ಜಾರುತ್ತಿಲ್ಲ. ಹೊಸ ಪ್ಯಾಡಿನ ಲೈನಿಂಗ್ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರಿಗೆ ಬಂದರೆ ನಾನು ಬದಲಿಸಿ ಅನ್ನುತ್ತೇನೆ. ಕೆಲವು ಪ್ಯಾಡುಗಳಲ್ಲಿ ಒಂದು ಚಿಕ್ಕ ತಗಡಿನ ನಾಲಿಗೆ ಇರುತ್ತದೆ. ಲೈನಿಂಗ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡಿ ಎಚ್ಚರಿಸುತ್ತದೆ. ಆದರೆ ಎಷ್ಟೋ ಕಾರುಗಳಲ್ಲಿ ಈ ನಾಲಿಗೆ ಒಂದೇ ಪ್ಯಾಡಿಗೆ ಇರುತ್ತದೆ. ಸದ್ದು ಬಂದಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಅಂತ ಸುಮ್ನೆ ಇರಬೇಡಿ.

ಪಿನ್‌ಗಳನ್ನು ಪ್ರತಿ ಸಲವೂ ಎಳೆದು ಒರೆಸುತ್ತೇನೆ. ಬಟ್ಟೆಯಲ್ಲಿ ಕಪ್ಪು ಅಂಟು ಬಂದರೆ ಹಳೆ ಗ್ರೀಸ್ ಕೆಟ್ಟಿದೆ ಅಂತ ಅರ್ಥ. ಅಲ್ಲಿಗೆ ಬೇರಿಂಗಿನ ಗ್ರೀಸ್ ಹಾಕಬಾರದು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಆ ರಬ್ಬರ್ ಊದಿಕೊಂಡು ಪಿನ್ನನ್ನೇ ಹಿಡಿದುಬಿಡುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿ, ಪಿನ್ ಒಳಗೆ ಬಿಟ್ಟು, ಎರಡು ಬೆರಳಲ್ಲಿ ಹಿಂದೆ ಮುಂದೆ ಆಡಿಸುತ್ತೇನೆ. ಬೆರಳ ಬಲಕ್ಕೇ ಅದು ಜಾರಬೇಕು. ಪ್ಯಾಡಿನ ಕಿವಿ, ಅಂದರೆ ಎರಡು ತುದಿಯ ಚಾಚು, ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆಯುತ್ತೇನೆ. ಅಲ್ಲಿ ತುಕ್ಕು ಕಟ್ಟಿದರೂ ಪ್ಯಾಡ್ ಹಿಡಿದುಕೊಳ್ಳುತ್ತದೆ.

ಈ ಕೆಲಸ ಮಾಡುವಾಗ ಕ್ಯಾಲಿಪರನ್ನು ಬ್ರೇಕ್ ಹೋಸಿನ (ಆಯಿಲ್ ಸಾಗುವ ರಬ್ಬರ್ ಕೊಳವೆ) ಮೇಲೆ ನೇತಾಡಲು ಬಿಡುವುದಿಲ್ಲ. ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿಡುತ್ತೇನೆ. ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರಬಹುದು. ಆಗ ಆಯಿಲ್ ಒತ್ತಡದಲ್ಲಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬ್ರೇಕ್ ಬಿಟ್ಟರೂ ಹಿಡಿದೇ ಇರುವ ಚಕ್ರ, ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸಡಿಲಿಸಿದ ಕೂಡಲೇ ಸಲೀಸಾಗಿ ತಿರುಗಿದರೆ ನಾನು ಮೊದಲು ಅನುಮಾನಿಸುವುದು ಹೋಸನ್ನೇ.

ಡಿಸ್ಕನ್ನು ಮೈಕ್ರೋಮೀಟರಿನಿಂದ ಅಳೆಯುತ್ತೇನೆ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿಕೊಡಲು ನಾನು ಒಪ್ಪುವುದಿಲ್ಲ. ಸ್ಟೀರಿಂಗ್ ನಡುಗಿದರೆ ಎಲ್ಲರೂ ಡಿಸ್ಕ್ ಬೆಂಡಾಗಿದೆ ಅನ್ನುತ್ತಾರೆ. ನಾನು ಬಿಚ್ಚಿ ನೋಡಿದಾಗ ಎಷ್ಟೋ ಸಲ ಸಿಕ್ಕಿದ್ದು ಡಿಸ್ಕ್ ಕೂರುವ ಹಬ್ಬಿನ ಮುಖದ ಮೇಲೆ ಕಟ್ಟಿದ ತುಕ್ಕು. ಅದರಿಂದ ಡಿಸ್ಕ್ ಕೂದಲೆಳೆಯಷ್ಟು ಓರೆ ಕೂರುತ್ತದೆ. ಓರೆಯಾಗಿ ತಿರುಗುತ್ತಾ ತಿರುಗುತ್ತಾ ಕೆಲವು ಕಡೆ ಮಾತ್ರ ಸವೆದು, ದಪ್ಪದಲ್ಲಿ ವ್ಯತ್ಯಾಸ ಬರುತ್ತದೆ. ಹಬ್ ಉಜ್ಜದೆ ಹೊಸ ಡಿಸ್ಕ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬ್ರೇಕ್ ಆಯಿಲ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಈ ಆಯಿಲ್ ಗಾಳಿಯಲ್ಲಿನ ನೀರಿನಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. 3.7 ಶೇಕಡಾ ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇಳಿದರೆ ಅಷ್ಟು ಬಿಸಿ ಆಗಬಹುದು. ಆಯಿಲ್ ಕುದ್ದರೆ ಆವಿ ಬರುತ್ತದೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಬಂದವರಿಗೆಲ್ಲ ಹೇಳುತ್ತೇನೆ. ಡಬ್ಬದಲ್ಲಿ ಆಯಿಲ್ ಕಮ್ಮಿ ಆಗಿದೆ ಅಂತ ಸುಮ್ಮನೆ ತುಂಬಿಸಲೂಬೇಡಿ. ಪ್ಯಾಡ್ ಸವೆದಂತೆ ಮಟ್ಟ ತಾನೇ ಇಳಿಯುತ್ತದೆ. ಸವೆದಿಲ್ಲ ಅಂದರೆ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದು ಅಂತ ಮೊದಲು ನೋಡಬೇಕು.

ಹಿಂದಿನ ಚಕ್ರಗಳ ಡ್ರಮ್ ಬ್ರೇಕುಗಳ ಬಗ್ಗೆ ಒಂದೇ ಮಾತು. ಒಳಗಿನ ಧೂಳನ್ನು ಏರ್ ಹಿಡಿದು ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ ತೊಳೆಯಿರಿ.

ಕೆಲಸ ಕಲಿಯುತ್ತಿದ್ದ ದಿನಗಳ ಒಂದು ಘಟನೆ ಇವತ್ತಿಗೂ ಎದೆಯಲ್ಲಿ ಕೂತಿದೆ. ಜೊತೆಗಿದ್ದ ಹುಡುಗ ಪ್ಯಾಡ್ ಹಾಕಿ ಮುಗಿಸಿ, ಕಾರು ಸ್ಟಾರ್ಟ್ ಮಾಡಿ ರಿವರ್ಸ್ ತೆಗೆದ. ಮರುಕ್ಷಣ "ಅಣ್ಣಾ, ಬ್ರೇಕೇ ಇಲ್ಲ!" ಅಂತ ಕಿರುಚಿದ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೇವಲ್ವಾ, ಪೆಡಲ್ ನಾಲ್ಕೈದು ಸಲ ಒತ್ತುವವರೆಗೂ ಅದು ಪ್ಯಾಡಿಗೆ ತಾಗುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ. ಹಿಂದೆ ಗೋಡೆಗೆ ಆತುಕೊಂಡು ಒಬ್ಬರು ನಿಂತಿದ್ದರು. ಅವರಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಈಗ ನಮ್ಮಲ್ಲಿ ಪೆಡಲ್ ಗಟ್ಟಿಯಾಗುವವರೆಗೆ ಯಾರೂ ಕೀಲಿ ಮುಟ್ಟುವುದಿಲ್ಲ.

ಚಕ್ರದ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಟಾರ್ಕ್ ವ್ರೆಂಚಿನಿಂದಲೇ ಬಿಗಿ ಮಾಡುತ್ತೇನೆ. ಆಮೇಲೆ ಖಾಲಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ವೇಗದಿಂದ 10ಕ್ಕೆ ಮೆತ್ತಗೆ ಇಳಿಸುತ್ತೇನೆ, ಹತ್ತಾರು ಸಲ, ಪೂರ್ತಿ ನಿಲ್ಲಿಸದೆ. ಆಗಲೇ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದು.

ಮೊದಲು ಹೇಳಿದ ಕಾರಿಗೆ ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್, ಹೊಸ ಪಿನ್, ಹೊಸ ಬೂಟ್ ಹಾಕಿದೆ. ಕೂಲಿ ತೆಗೆದುಕೊಳ್ಳಲಿಲ್ಲ, ತಪ್ಪು ನನ್ನದಾಗಿತ್ತು. ಆರು ತಿಂಗಳು ಬಿಟ್ಟು ಬನ್ನಿ, ಬಿಚ್ಚಿ ನೋಡೋಣ ಅಂದೆ. ಅವರು ಮರೆಯದೆ ಬಂದರು. ಎಡಗಡೆಯ ಎರಡು ಪ್ಯಾಡುಗಳನ್ನೂ ತೆಗೆದು ಅವರ ಅಂಗೈ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, "ಇದರಲ್ಲಿ ಒಳಗಿನದು ಯಾವುದು?" ಅಂತ ಕೇಳಿದರು.