ಕಾಯಿಲ್‌ನಲ್ಲೇ ಅಳೆದು ಸ್ಟೆಪ್ಪರ್ ಕರೆಂಟ್ ಸೆಟ್ ಮಾಡಿದೆ

ಮಲ್ಟಿಮೀಟರನ್ನು ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟಾರಿನ ಒಂದು ಕಾಯಿಲ್‌ಗೆ ಸೀರೀಸ್‌ನಲ್ಲಿ ಹಾಕಿ ಕರೆಂಟ್ ಸೆಟ್ ಮಾಡ್ತೀನಿ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಚಾಪ್ ಮಾಡ್ತಿರುತ್ತೆ, ಅಂದ್ರೆ ಬೇಗ ಬೇಗ ಆನ್-ಆಫ್ ಮಾಡ್ತಿರುತ್ತೆ, ಮೀಟರ್ ಸುಳ್ಳು ಹೇಳುತ್ತೆ ಅಂದರು. ಆದರೆ ಚಾಪ್ ಆಗೋದು ವೋಲ್ಟೇಜ್. ಕಾಯಿಲ್‌ನ ಇಂಡಕ್ಟೆನ್ಸ್ ಕರೆಂಟನ್ನು ಸಮ ಮಾಡಿಬಿಡುತ್ತದೆ. ಮೋಟಾರ್ ನಿಂತಿದ್ದರೆ ರೀಡಿಂಗ್ ಅಲ್ಲಾಡುವುದೇ ಇಲ್ಲ.

ಈ ದಾರಿ ಹಿಡಿಸಿದ್ದು ಒಂದು ಅಗ್ಗದ ಎ4988 ಡ್ರೈವರ್ ಬೋರ್ಡ್. ಎಲ್ಲರೂ ಹೇಳುವ 0.54 ವೋಲ್ಟ್ ವಿರೆಫ್ (ಡ್ರೈವರಿನ ಕರೆಂಟ್ ಲಿಮಿಟ್ ನಿರ್ಧರಿಸುವ ವೋಲ್ಟೇಜ್) ಇಟ್ಟಿದ್ದೆ, 1 ಆಂಪ್ ಸಿಗಬೇಕಿತ್ತು. ಮೋಟಾರ್ ಸ್ಟೆಪ್ ತಪ್ಪಿಸುತ್ತಲೇ ಇತ್ತು. ಬೆಲ್ಟ್ ಬಿಗಿ ಮಾಡಿದೆ, ಸ್ಪೀಡ್ ಇಳಿಸಿದೆ, ದೊಡ್ಡ ಪವರ್ ಸಪ್ಲೈ ತಂದೆ. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಕಾಯಿಲ್‌ನಲ್ಲಿ ಅಳೆದರೆ ಬರೀ 0.47 ಆಂಪ್ ಆಸುಪಾಸು! ಲಿಮಿಟ್ 1 ಆಂಪ್ ಇದ್ದಿದ್ದರೆ 0.7 ಬರಬೇಕಿತ್ತು, ಯಾಕೆ ಅಂತ ಮುಂದೆ ಹೇಳ್ತೀನಿ. ಲೆನ್ಸ್ ಹಿಡಿದು, ಡ್ರೈವರ್ ಕರೆಂಟ್ ಅಳೆಯಲು ಬಳಸುವ ಸೆನ್ಸ್ ರೆಸಿಸ್ಟರ್ ನೋಡಿದೆ. ಆರ್100 ಅಂತಿತ್ತು, ಅಂದರೆ 0.1 ಓಮ್. ಆ 0.54 ಇರೋದು 0.068 ಓಮ್ ಬೋರ್ಡಿಗೆ.

ನಾನು ಮಾಡಿದ್ದು ಇಷ್ಟೇ. ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಚಿಕ್ಕ ಚೂರು ಮಾಡುವ) ಜಂಪರ್ ಎಲ್ಲ ಕಿತ್ತು ಫುಲ್ ಸ್ಟೆಪ್‌ನಲ್ಲಿ ಮೋಟಾರನ್ನು ಹೋಲ್ಡ್‌ನಲ್ಲಿ, ಅಂದರೆ ಕರೆಂಟ್ ಹರಿಯುತ್ತಿದ್ದರೂ ತಿರುಗದ ಹಾಗೆ, ನಿಲ್ಲಿಸಿದೆ. ಆಗ ಪ್ರತಿ ಕಾಯಿಲ್‌ಗೂ ಲಿಮಿಟ್‌ನ ಸುಮಾರು 70 ಪರ್ಸೆಂಟ್ ಹರಿಯುತ್ತದೆ. 1 ಆಂಪ್ ಬೇಕಾದರೆ ಮೀಟರ್ 0.7 ತೋರಿಸುವ ತನಕ ಬೋರ್ಡಿನ ಪಾಟ್ (ವಿರೆಫ್ ಬದಲಿಸುವ ಚಿಕ್ಕ ಸ್ಕ್ರೂ) ತಿರುಗಿಸಬೇಕು. ಆಮೇಲೆ ವಿರೆಫ್ ನೋಡಿದರೆ 0.8ರ ಹತ್ತಿರ, ಲೆಕ್ಕಕ್ಕೆ ಸರಿಯಾಗಿ ಕೂತಿತ್ತು. ಅವತ್ತಿಂದ ಒಂದು ಸ್ಟೆಪ್ಪೂ ತಪ್ಪಿಲ್ಲ. ಒಪ್ಪದವರೂ ಈಗ ಹೀಗೇ ಮಾಡ್ತಾರೆ.

ಮೀಟರ್ ಪಿನ್ 10 ಆಂಪ್ ಸಾಕೆಟ್‌ನಲ್ಲೇ ಇರಲಿ, ಇಲ್ಲಾಂದ್ರೆ ಫ್ಯೂಸ್ ಹೋಗುತ್ತೆ. ಪವರ್ ಇರುವಾಗ ಕಾಯಿಲ್ ವೈರ್ ಬಿಚ್ಚಿದರೆ ಡ್ರೈವರೇ ಹೋಗಬಹುದು. ಕಬ್ಬಿಣದ ಸ್ಕ್ರೂಡ್ರೈವರ್ ಜಾರಿದರೂ ಅಷ್ಟೇ. ಸೆರಾಮಿಕ್ ತುದಿಯದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಸುಮ್ನೆ ನೋಡೋಣ ಅಂತ ಸಪ್ಲೈ 12ರಿಂದ 24 ವೋಲ್ಟ್‌ಗೆ ಏರಿಸಿದೆ. ಕಾಯಿಲ್‌ನಲ್ಲಿ ಅದೇ 0.7. ಸಪ್ಲೈ ವೈರಿನಲ್ಲಿ ಮಾತ್ರ ಕರೆಂಟ್ ಅರ್ಧದ ಹತ್ತಿರ ಇಳಿಯಿತು. ಸಪ್ಲೈ ಕಡೆ ಅಳೆದು ಸೆಟ್ ಮಾಡುವವರು ಇದನ್ನೊಮ್ಮೆ ಮಾಡಿ ನೋಡಿ.

ಡಿಆರ್‌ವಿ8825 ಅನ್ನೋ ಡ್ರೈವರಿಗೂ ಇದೇ ದಾರಿ ಸರಿಹೋಯಿತು. ಟಿಎಂಸಿ2209 ಡ್ರೈವರ್ ಬೇರೆ ಜಾತಿ. ಮೋಟಾರ್ ನಿಂತ ಸ್ವಲ್ಪ ಹೊತ್ತಿಗೆ ಕರೆಂಟ್ ತಾನೇ ಇಳಿಸಿಕೊಳ್ಳುತ್ತದೆ, ರೀಡಿಂಗ್ ನಂಬೋ ಹಾಗಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ. ಇನ್ನೆರಡು ಬೋರ್ಡ್ ಮೇಲೆ ಪಕ್ಕಾ ಆಗುವ ತನಕ ಬರೆಯುವುದಿಲ್ಲ.