ಕ್ಯಾಲ್ಸಿಯಂ ತೂಬು: ಒಂದೇ ಹಾಳೆಯಲ್ಲಿ ತೋಳು, ಹೃದಯ ಎರಡನ್ನೂ ಬರೆಯುವುದು ಹೇಗೆ?

ಪ್ರಥಮ ಪಿಯುಸಿ ಉತ್ತರ ಪತ್ರಿಕೆ ತಿದ್ದುವಾಗ ಒಂದು ವಾಕ್ಯ ಕಂಡರೆ ಸಾಕು, ನನ್ನ ಕೆಂಪು ಪೆನ್ನು ತಾನಾಗಿ ನಿಲ್ಲುತ್ತದೆ: ‘ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಸ್ನಾಯು ಸಂಕುಚಿಸುತ್ತದೆ.’ ಎಲ್ಲಿಂದ ಬಂತು? ಬಿಟ್ಟವರು ಯಾರು? ಆಮೇಲೆ ಎಲ್ಲಿಗೆ ಹೋಯಿತು? ತರಗತಿಯಲ್ಲಿ ಕೇಳಿದರೆ ಎಲ್ಲರೂ ಡೆಸ್ಕು ನೋಡುತ್ತಾರೆ. ಹೃದಯದಲ್ಲೂ ಹೀಗೇನಾ ಅಂದರೆ ಮಾತ್ರ ಥಟ್ಟನೆ ಉತ್ತರ: ‘ಹೂಂ ಮೇಡಂ, ಸೇಮ್.’

ಸೇಮ್ ಅಲ್ಲ. ಅದಕ್ಕೇ ಮಂಡ್ಯದ ನಮ್ಮ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುವುದು ಬಿಟ್ಟು ಬರೆಸುತ್ತಿದ್ದೇನೆ. ಮನೆಯಲ್ಲಿ ನೀವೂ ಮಾಡಬಹುದು, ಅರ್ಧ ಗಂಟೆ ಸಾಕು.

ಮೊದಲ ಹೆಜ್ಜೆ, ಸಾಮಾನು. ಒಂದು ಬಿಳಿ ಹಾಳೆ, ಪೆನ್ಸಿಲ್, ಒಂದು ಕೆಂಪು ಸ್ಕೆಚ್ ಪೆನ್. ಹಾಳೆಯನ್ನು ಅಡ್ಡ ಇಟ್ಟು ನಡುವೆ ಮಡಿಸಿ. ಎಡಕ್ಕೆ ‘ತೋಳು’, ಬಲಕ್ಕೆ ‘ಹೃದಯ’ ಅಂತ ಬರೆಯಿರಿ. ಎಲ್ಲವೂ ಪೆನ್ಸಿಲ್‌ನಲ್ಲಿ, ಕ್ಯಾಲ್ಸಿಯಂ ಒಂದೇ ಕೆಂಪು ಚುಕ್ಕಿ. ಹನ್ನೆರಡು ಬಣ್ಣ ಬಳಿದರೆ ಚಿತ್ರ ಚೆಂದ ಕಾಣುತ್ತದೆ, ವಿಷಯ ಕಾಣುವುದಿಲ್ಲ. ಅಂಗಡಿಯ ಲ್ಯಾಮಿನೇಟ್ ಚಾರ್ಟ್ ಅಂತೂ ತರಲೇಬೇಡಿ. ನಾನು ದುಡ್ಡು ಕೊಟ್ಟು ತಂದ ಒಂದರಲ್ಲಿ ತೋಳಿನ ಸ್ನಾಯುವಿನ ಕ್ಯಾಲ್ಸಿಯಂ ಹೋಗಿ ಮಯೋಸಿನ್ ತಲೆಯ ಮೇಲೆ ಕೂತಿತ್ತು! ಯಾಕೆ ತಪ್ಪು ಅಂತ ಮೂರನೇ ಹೆಜ್ಜೆಯಲ್ಲಿ ತಿಳಿಯುತ್ತದೆ.

ಎರಡನೇ ಹೆಜ್ಜೆ, ಸ್ನಾಯುವಿನ ಜೀವಕೋಶದೊಳಗಿನ ಪ್ರೋಟೀನ್ ಎಳೆಗಳು. ದಪ್ಪ ಎಳೆ ಮಯೋಸಿನ್, ತೆಳು ಎಳೆ ಆ್ಯಕ್ಟಿನ್. ದಪ್ಪದ್ದು ತೆಳುವನ್ನು ಎಳೆಯುತ್ತದೆ. ಎಳೆಗಳು ಗಿಡ್ಡ ಆಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. 1954ರಿಂದ ಗೊತ್ತಿರುವ ವಿಷಯ, ಪಠ್ಯದಲ್ಲೂ ಚೆನ್ನಾಗಿದೆ, ಮುಂದೆ ಹೋಗೋಣ.

ಮೂರನೇ ಹೆಜ್ಜೆ, ಕಣ್ಣಿ. ಆ್ಯಕ್ಟಿನ್ ಮೇಲೆ ಹಗ್ಗದ ಹಾಗೆ ಟ್ರೋಪೋಮಯೋಸಿನ್ ಮಲಗಿದೆ. ಮಯೋಸಿನ್ ಹಿಡಿಯಬೇಕಾದ ಜಾಗಗಳನ್ನು ಅದು ಮುಚ್ಚಿದೆ. ಹಗ್ಗದ ಗಂಟಿನಂತೆ ಅಲ್ಲಲ್ಲಿ ಟ್ರೋಪೋನಿನ್. ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ಇದನ್ನು ಪತ್ತೆ ಮಾಡಿದರು. ಕ್ಯಾಲ್ಸಿಯಂ ಬಂದು ಟ್ರೋಪೋನಿನ್ ಮೇಲೆ ಕೂತರೆ ಹಗ್ಗ ಪಕ್ಕಕ್ಕೆ ಸರಿಯುತ್ತದೆ, ಮಯೋಸಿನ್ ತಲೆ ಹಿಡಿದು ಎಳೆಯುತ್ತದೆ. ಗಮನಿಸಿ, ಎಳೆಯುವುದು ಕ್ಯಾಲ್ಸಿಯಂ ಅಲ್ಲ. ಎತ್ತು ಮಯೋಸಿನ್, ಮೇವು ಎಟಿಪಿ ಎಂಬ ಶಕ್ತಿಯ ಅಣು. ಕ್ಯಾಲ್ಸಿಯಂ ಬರೀ ಕಣ್ಣಿ ಬಿಚ್ಚುತ್ತದೆ. ಇಲ್ಲಿಯವರೆಗೆ ಎಡವೂ ಬಲವೂ ಹೆಚ್ಚುಕಡಿಮೆ ಒಂದೇ.

ನಾಲ್ಕನೇ ಹೆಜ್ಜೆಗೆ ಬಂದಾಗ ಟೀ ಕುಡಿದು ಕೂರಿ. ಎಲ್ಲರೂ ಎಡವುವುದು ಇಲ್ಲೇ, ಗೈಡುಗಳು ಒಂದೇ ಬಾಣದ ಗುರುತು ಹಾಕಿ ದಾಟಿಸುವುದೂ ಇಲ್ಲೇ.

ಮೊದಲು ಚೀಲ ಬರೆಯಿರಿ. ಎಳೆಗಳ ಕಟ್ಟಿನ ಸುತ್ತ ಬಲೆಯ ಹಾಗೆ ಸುತ್ತಿಕೊಂಡಿರುವ ಚೀಲ ಅದು, ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್. ಒಳಗೆ ಒತ್ತೊತ್ತಾಗಿ ಕೆಂಪು ಚುಕ್ಕಿ ಇಡಿ. ಜೀವಕೋಶದ ಹೊರಗೂ ಹಾಗೇ ಇಡಿ. ಎಳೆಗಳಿರುವ ಜಾಗದಲ್ಲಿ ಮಾತ್ರ ಒಂದೇ ಒಂದು ಚುಕ್ಕಿ. ಮಕ್ಕಳು ಇಲ್ಲೂ ಧಾರಾಳವಾಗಿ ಚುಕ್ಕಿ ಚೆಲ್ಲುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಸ್ನಾಯು ಸುಮ್ನೆ ಇದ್ದಾಗ ಒಳಗೆ ಒಂದು ಪಾಲು ಕ್ಯಾಲ್ಸಿಯಂ ಇದ್ದರೆ ಹೊರಗೆ ಸುಮಾರು 10,000 ಪಾಲು ಇರುತ್ತದೆ. ಈ ಎತ್ತರ-ತಗ್ಗು ಇರುವುದರಿಂದಲೇ ತೂಬು ತೆರೆದ ಕೂಡಲೇ ಕ್ಯಾಲ್ಸಿಯಂ ನುಗ್ಗುವುದು. ಮೇಲೂ ಕೆಳಗೂ ಒಂದೇ ಮಟ್ಟದಲ್ಲಿ ನೀರಿದ್ದರೆ ನಾಲೆ ಹರಿಯುತ್ತದಾ?

ಈಗ ಕೊಳವೆ. ಜೀವಕೋಶದ ಹೊರಪೊರೆ ಅಲ್ಲಲ್ಲಿ ಒಳಕ್ಕೆ ಇಳಿದು ಕೊಳವೆಯಾಗುತ್ತದೆ, ಅದೇ ಟಿ ಟ್ಯೂಬ್ಯೂಲ್. ವಿದ್ಯುತ್ ಸಂದೇಶ ಇದರಲ್ಲಿ ಇಳಿದು ಚೀಲದ ಪಕ್ಕಕ್ಕೆ ಬರುತ್ತದೆ. ಚೀಲದಲ್ಲೊಂದು ತೂಬು ಬರೆಯಿರಿ: ರಯನೊಡಿನ್ ರಿಸೆಪ್ಟರ್. ಎದುರಿಗೆ ಕೊಳವೆಯ ಪೊರೆಯಲ್ಲಿ ಇನ್ನೊಂದು ಪ್ರೋಟೀನ್ ಬರೆಯಿರಿ: ಡೈಹೈಡ್ರೊಪಿರಿಡಿನ್ ರಿಸೆಪ್ಟರ್. ಹೆಸರಿಗೆ ಹೆದರಬೇಡಿ, ಕೊನೆಯಲ್ಲಿ ಇದು ನಿಮ್ಮ ತಾತನ ಮಾತ್ರೆ ಡಬ್ಬಿಯಲ್ಲೇ ಸಿಗುತ್ತದೆ.

ಎಡಗಡೆ, ಅಂದರೆ ತೋಳಿನಲ್ಲಿ, ಈ ಎರಡನ್ನೂ ಗೆರೆ ಎಳೆದು ಕೂಡಿಸಿ. ನಿಜಕ್ಕೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ ಇವೆ. ಸಂದೇಶ ಬಂದಾಗ ಕೊಳವೆಯ ಪ್ರೋಟೀನ್ ಅಲುಗುತ್ತದೆ, ಆ ಅಲುಗಾಟವೇ ತೂಬನ್ನು ತೆರೆಯುತ್ತದೆ. ನೀರುಗಂಟಿ ಬಂದು ಕೈಯಾರೆ ತೂಬು ಎತ್ತಿದ ಹಾಗೆ. ಹೊರಗಿನ ಕ್ಯಾಲ್ಸಿಯಂ ಒಂದು ಚುಕ್ಕಿಯೂ ಬೇಡ, ಚೀಲದಲ್ಲಿರುವುದೇ ಸಾಕು.

ಬಲಗಡೆ, ಹೃದಯದಲ್ಲಿ, ಎರಡನ್ನೂ ಕೂಡಿಸಬೇಡಿ. ದಯವಿಟ್ಟು ಸಂದು ಬಿಡಿ. ಇಲ್ಲಿ ಸಂದೇಶ ಬಂದಾಗ ಕೊಳವೆಯ ಪ್ರೋಟೀನ್ ಬಾಗಿಲಿನಂತೆ ತೆರೆದು ಹೊರಗಿನ ಕ್ಯಾಲ್ಸಿಯಂ ಸ್ವಲ್ಪ ಒಳಗೆ ಬಿಡುತ್ತದೆ. ಮೂರು ಚುಕ್ಕಿ ಬರೆಯಿರಿ, ಜಾಸ್ತಿ ಬೇಡ. ಆ ಮೂರು ಚುಕ್ಕಿ ಸಂದು ದಾಟಿ ಚೀಲದ ತೂಬಿಗೆ ತಗಲುತ್ತವೆ, ತೂಬು ತೆರೆಯುತ್ತದೆ, ಚೀಲದಿಂದ ರಾಶಿ ಕ್ಯಾಲ್ಸಿಯಂ ಹೊರಬರುತ್ತದೆ. ಕ್ಯಾಲ್ಸಿಯಂಗೆ ಕ್ಯಾಲ್ಸಿಯಮ್ಮೇ ಬೀಗದ ಕೈ. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟಿನ ವಿಷಯ ಕೇಳಿದ್ದೀರಲ್ಲ, ನೀರು ಏರಿದರೆ ನೀರೇ ಗೇಟು ತೆರೆಯುತ್ತದೆ. ಹೃದಯದ್ದು ಆ ಜಾತಿ.

ಇದಕ್ಕೆ ಪುರಾವೆ ಹಳೆಯದು. ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯಿಸುತ್ತಿದ್ದರು. ನಲ್ಲಿ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಹೃದಯ ಬಡಿಯಿತು, ಭಟ್ಟಿ ಇಳಿಸಿದ ನೀರಿನದರಲ್ಲಿ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಕಾರಣ ಎಂದು 1883ರಲ್ಲಿ ಬರೆದರು. ಆಸ್ಪತ್ರೆಯಲ್ಲಿ ತೂಗುಹಾಕುವ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿಯ ‘ಆರ್’ ಇವರೇ. 1972ರಲ್ಲಿ ಬೇರೆ ವಿಜ್ಞಾನಿಗಳು ಕಪ್ಪೆಯ ಕಾಲಿನ ಸ್ನಾಯುವಿನ ಜೀವಕೋಶವನ್ನು ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಇಟ್ಟು ನೋಡಿದರು. ಅದು ಎಷ್ಟೋ ನಿಮಿಷ ಮಿಡಿಯುತ್ತಲೇ ಇತ್ತು. ನಿಮ್ಮ ಹಾಳೆಯ ಎಡ-ಬಲ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಐದನೇ ಹೆಜ್ಜೆ, ವಾಪಸ್. ಬಿಟ್ಟ ಕ್ಯಾಲ್ಸಿಯಂ ಹಿಂದಕ್ಕೆ ಹೋಗದಿದ್ದರೆ ಸ್ನಾಯು ಸಡಿಲವಾಗುವುದಿಲ್ಲ. ಚೀಲದ ಪೊರೆಯಲ್ಲಿ ಪಂಪ್ ಬರೆಯಿರಿ: ಒಂದು ಎಟಿಪಿಗೆ ಎರಡು ಕ್ಯಾಲ್ಸಿಯಂ ಒಳಕ್ಕೆ. ಹೃದಯದಲ್ಲಿ ಇನ್ನೊಂದು ಕೆಲಸ ಇದೆ. ಹೊರಗಿನಿಂದ ಬಂದ ಆ ಮೂರು ಚುಕ್ಕಿ ಹೊರಗೇ ಹೋಗಬೇಕು, ಇಲ್ಲದಿದ್ದರೆ ಬಡಿತಕ್ಕೊಂದಿಷ್ಟು ಸೇರಿ ಒಳಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಹೊರಪೊರೆಯಲ್ಲಿ ಅದಲು-ಬದಲು ಮಾಡುವ ಪ್ರೋಟೀನ್ ಇದೆ: ಮೂರು ಸೋಡಿಯಂ ಒಳಗೆ, ಒಂದು ಕ್ಯಾಲ್ಸಿಯಂ ಹೊರಗೆ. ಎಡಗಡೆ ಇದನ್ನು ಬರೆಯುವ ಗೋಜಿಗೆ ಹೋಗಬೇಡಿ.

ಆರನೆಯದು, ಸಮಯ. ಮೂಲೆಯಲ್ಲಿ ಬರೆದಿಡಿ ಅಷ್ಟೇ. ತೋಳಿನ ವಿದ್ಯುತ್ ಸಂದೇಶ ಕೆಲವೇ ಮಿಲಿಸೆಕೆಂಡು, ಹೃದಯದ್ದು 200ರಿಂದ 300. ಅದು ಮುಗಿಯುವವರೆಗೆ ಹೊಸ ಸಂದೇಶ ಹಿಡಿಯುವುದಿಲ್ಲ. ಹಾಗಾಗಿ ತೋಳನ್ನು ಬಿಗಿಹಿಡಿದು ನಿಲ್ಲಿಸಬಹುದು, ಹೃದಯವನ್ನು ಆಗದು.

ಹಾಳೆ ಮುಗಿಯಿತು. ಸರಿಯಿದೆಯಾ ಅಂತ ನೋಡಲು ಎರಡು ಪ್ರಶ್ನೆ.

ಒಂದು, ತಾತನ ಮಾತ್ರೆ. ಬಿಪಿಗೆ ಕೊಡುವ ಆ್ಯಮ್ಲೋಡಿಪಿನ್ ಡೈಹೈಡ್ರೊಪಿರಿಡಿನ್ ಗುಂಪಿನದು. ಕ್ಯಾಲ್ಸಿಯಂ ಒಳಬರುವ ಬಾಗಿಲನ್ನು ತಡೆದು ರಕ್ತನಾಳ ಸಡಿಲಿಸುತ್ತದೆ. ಆದರೂ ತಾತ ಗದ್ದೆಗೆ ನಡೆದೇ ಹೋಗುತ್ತಾರಲ್ಲ, ಕಾಲು ಸೋಲುವುದಿಲ್ಲ ಯಾಕೆ? ಎಡಭಾಗ ನೋಡಿ: ಕಾಲಿನ ಸ್ನಾಯುವಿಗೆ ಆ ಬಾಗಿಲಿನಿಂದ ಬರುವ ಕ್ಯಾಲ್ಸಿಯಂ ಬೇಕಾಗಿಯೇ ಇಲ್ಲ.

ಎರಡನೆಯದು ನಾನು ಹುಟ್ಟಿಸಿದ್ದಲ್ಲ. ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ನಮ್ಮನೆ ಸೀಮೆ ಹಸನೂ ಕರ ಹಾಕ್ದ ಮಾರನೆ ದಿನ ಬಿದ್ದೋಗಿತ್ತು ಮೇಡಂ. ಡಾಕ್ಟ್ರು ಕ್ಯಾಲ್ಸಿಯಂ ಬಾಟ್ಲಿ ಹಾಕುದ್ರು, ಎದ್ದೇ ಬುಡ್ತು. ಚೀಲದಲ್ಲೇ ಐತೆ ಅಂದ್ರಲ್ಲ, ಮತ್ಯಾಕ್ ಬಿತ್ತು?’ ಅಂದ. ಇಡೀ ವರ್ಷದ ಒಳ್ಳೆಯ ಪ್ರಶ್ನೆ ಅದೇ.

ಅದು ಹಾಲು ಜ್ವರ. ಹೆಸರಿಗೆ ಜ್ವರ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಗಿಣ್ಣುಹಾಲಿಗೆ ಕ್ಯಾಲ್ಸಿಯಂ ಒಮ್ಮೆಲೇ ಹೋಗಿ ರಕ್ತದಲ್ಲಿ ಕಮ್ಮಿಯಾಗುತ್ತದೆ. ಚೀಲ ತುಂಬಿಯೇ ಇದೆ, ತೂಬೂ ಸರಿ ಇದೆ. ಆದರೆ ಸ್ನಾಯುವಿಗೆ ಸಂದೇಶ ಮುಟ್ಟಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್ ಅನ್ನು ನರದ ತುದಿ ಬಿಡಬೇಕಾದರೆ ಅದಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕು. ಅದಿಲ್ಲದೆ ನೀರುಗಂಟಿಗೆ ಹೇಳಿಕಳಿಸುವವರೇ ಇಲ್ಲದಂತಾಗುತ್ತದೆ. (ಮನುಷ್ಯರಲ್ಲಿ ಕಮ್ಮಿಯಾದರೆ ನರಗಳು ಅತಿ ಸೂಕ್ಷ್ಮವಾಗಿ ಕೈಬೆರಳು ಸೆಟೆದುಕೊಳ್ಳುವುದೇ ಹೆಚ್ಚು. ಹಸುವಿನದನ್ನು ನಮಗೆ ಅಂಟಿಸಬೇಡಿ. ಕಾಲು ಹಿಡಿದುಕೊಂಡಿತು ಅಂತ ಮೆಡಿಕಲ್ ಸ್ಟೋರಿನಿಂದ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಲೂಬೇಡಿ.)

‘ಬಾಟ್ಲಿ ಹಾಕುವಾಗ ಡಾಕ್ಟ್ರು ಏನು ಮಾಡುತ್ತಿದ್ದರು?’ ಅಂತ ಕೇಳಿದೆ. ‘ನಿಧಾನುಕ್ ಬುಟ್ಕೊಂಡು, ಎದೆ ಮೇಲೆ ಸ್ಟೆತಸ್ಕೋಪ್ ಇಟ್ಕೊಂಡೇ ಕೂತಿದ್ರು ಮೇಡಂ.’ ಯಾಕೆ ಅಂದೆ. ಅವನು ಹಾಳೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಲಭಾಗದಲ್ಲಿ, ತಾನು ಬಿಟ್ಟಿದ್ದ ಸಂದಿನ ಮೇಲೆ ಬೆರಳಿಟ್ಟ.