ಮಗುವಿಗೊಂದು ಮರದ ಮೀನು: ಮನೆಯಲ್ಲೇ ಮಾಡುವುದು ಹೇಗೆ?

ಆರು ತಿಂಗಳ ಮಗುವಿಗೆ ಯಾವ ಆಟಿಕೆ ಕೊಟ್ಟರೂ ಅದು ಮೊದಲು ಹೋಗುವುದು ಬಾಯಿಗೆ. ಹಲ್ಲು ಬರುವ ಹೊತ್ತಿನಲ್ಲಂತೂ ಒಸಡಿನಲ್ಲಿ ಕಚ್ಚಿ, ಚೀಪಿ, ಜೊಲ್ಲಿನಲ್ಲಿ ನೆನೆಸಿಬಿಡುತ್ತದೆ. ಮನೆಯಲ್ಲಿ ಮರದ ಆಟಿಕೆ ಮಾಡಲು ಕೂರುವ ಅಪ್ಪಂದಿರು, ತಾತಂದಿರು ಹೆಚ್ಚಾಗಿ ಮರೆಯುವುದು ಇದನ್ನೇ. ಆನೆಯ ಸೊಂಡಿಲು, ಕಾರಿನ ಗಾಲಿ ಅಂತ ಆಕಾರಕ್ಕೇ ಇಡೀ ಭಾನುವಾರ ಕಳೆಯುತ್ತಾರೆ. ಉಜ್ಜುವುದಕ್ಕೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಎಣ್ಣೆ ಹಚ್ಚಿದಾಗ ಮಿರಮಿರ ಮಿಂಚಿದ ಆಟಿಕೆಯನ್ನು ಮಗು ಒಂದು ದಿನ ಚೀಪಿದ ಮೇಲೆ ಮುಟ್ಟಿ ನೋಡಿ. ತರಿತರಿಯಾಗಿರುತ್ತದೆ.

ಅದಕ್ಕೇ ಇಲ್ಲಿ ಹೇಳುವ ಆಟಿಕೆ ತುಂಬ ಸರಳ. ಒಂದೇ ತುಂಡು ಹಲಗೆಯ ಮೀನು, ನಡುವೆ ಹಿಡಿದುಕೊಳ್ಳಲು ಒಂದು ತೂತು. ಅಂಟು, ಮೊಳೆ, ಗಾಲಿ, ಬಣ್ಣ ಯಾವುದೂ ಇಲ್ಲ. ಕಳಚಿ ಬೀಳುವಂಥದ್ದು ಏನೂ ಇಲ್ಲದ ಆಟಿಕೆಯೇ ಮೊದಲ ವರ್ಷಕ್ಕೆ ಸರಿ.

ಮೊದಲು ಮರ

ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ. ಬಿಳುಪಾಗಿರುತ್ತದೆ, ಎಳೆ ಸಣ್ಣದು, ಸಿಬಿರು ಏಳುವುದು ಕಡಿಮೆ. ಊರಿನ ಟಿಂಬರ್ ಡಿಪೋದಲ್ಲಿ ಅದು ಸಿಗುವುದು ಕಷ್ಟ. ಆಗ ಚೆನ್ನಾಗಿ ಒಣಗಿದ ಬೇವು ಕೇಳಿ. ಗಂಟು, ಬಿರುಕು, ಹುಳು ತಿಂದ ತೂತು ಇಲ್ಲದ ಮುಕ್ಕಾಲು ಇಂಚು ದಪ್ಪದ ತುಂಡು ಸಾಕು.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಪ್ಲೈವುಡ್, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಎಂಡಿಎಫ್ ಹಲಗೆ ಖಂಡಿತ ಬೇಡ. ಅವುಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷದ ರಾಸಾಯನಿಕ ಇರುತ್ತದೆ, ಅಂಚಿನಲ್ಲಿ ಪದರ ಬಿಡುತ್ತದೆ. ಸಿಲ್ವರ್ ಓಕ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ರಬ್ಬರ್ ಮರಕ್ಕೆ ಹುಳು ಹಿಡಿಯದಿರಲಿ ಅಂತ ಬೋರಾನ್ ಔಷಧಿ ಕುಡಿಸಿರುತ್ತಾರೆ. ಪ್ಯಾಕಿಂಗ್ ಪೆಟ್ಟಿಗೆಯ ಮರ ಸುಮ್ನೆ ಸಿಗುತ್ತದೆ ಅಂತ ಜಾಸ್ತಿ ಜನ ಅದಕ್ಕೇ ಕೈ ಹಾಕುತ್ತಾರೆ. ಅದರ ಮೇಲೆ 'ಎಂಬಿ' ಅನ್ನುವ ಮುದ್ರೆ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಮರ ಎಂದರ್ಥ. ಮುದ್ರೆ ಇಲ್ಲದಿದ್ದರೆ ಏನು ಹಾಕಿದ್ದಾರೋ ತಿಳಿಯುವುದೇ ಇಲ್ಲ. ಹಳೇ ಬಾಗಿಲು, ಕಿಟಕಿಯ ಮರವೂ ಬೇಡ. ಮನೆಗೆ ಹೊಡೆಯುವ ಬಣ್ಣದಲ್ಲಿ ವಿಷವಾದ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಉಜ್ಜಿ ತೆಗೆಯಲು ಹೋದರೆ ಆ ಪುಡಿಯೇ ಮನೆಯೆಲ್ಲ ಹರಡುತ್ತದೆ.

ಗೀಟು, ತೂತು, ಕೊಯ್ತ

ಮೀನು 11 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ ಇರಲಿ. ಮರದ ಎಳೆ ಮೂತಿಯಿಂದ ಬಾಲದ ಕಡೆಗೆ ಓಡಬೇಕು. ಅಡ್ಡ ಎಳೆಯಲ್ಲಿ ಕೊಯ್ದರೆ ಬಾಲ ಒಂದೇ ಏಟಿಗೆ ಮುರಿಯುತ್ತದೆ. ಬಾಲದ ಬುಡ 3 ಸೆಂ.ಮೀ.ಗಿಂತ ಸಣ್ಣದಾಗುವುದು ಬೇಡ, ತುದಿ ಅಗಲವಾಗಿಯೇ ಇರಲಿ. ಕಡ್ಡಿಯಂತೆ ಚಾಚಿಕೊಂಡ ಭಾಗ ಇದ್ದರೆ ಗಂಟಲಿನವರೆಗೂ ಹೋಗುತ್ತದೆ. ನಡುವಿನ ತೂತು ಮೂರೂವರೆ ಸೆಂ.ಮೀ. ಕಣ್ಣಿಗೆ ಅಂತ ಇನ್ನೊಂದು ಸಣ್ಣ ತೂತು ಕೊರೆಯಬೇಡಿ, ಪುಟ್ಟ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ.

ತೂತನ್ನು ಬಡಗಿಯ ಹತ್ತಿರ ಹೋಲ್ ಸಾ (ದುಂಡು ತೂತು ಕೊಯ್ಯುವ ಗರಗಸ) ಇದ್ದರೆ ಅವರಿಂದಲೇ ಹೊಡೆಸಿ. ಹೊರಗಿನ ಆಕಾರವನ್ನು ಸಣ್ಣ ಹಲ್ಲಿನ ಗರಗಸದಲ್ಲಿ ಗೀಟಿನ ಆಚೆಗೆ ಕೊಯ್ದರಾಯಿತು.

ಉಜ್ಜುವ ಕೆಲಸ

ಇಲ್ಲಿ ನಿಧಾನಿಸಿ. ಮೊದಲು ಅರ (ಫೈಲ್) ಹಿಡಿಯಿರಿ. ಹೊರ ಅಂಚು, ತೂತಿನ ಎರಡೂ ಕಡೆಯ ಅಂಚು, ಬಾಲದ ಮೂಲೆ ಎಲ್ಲವನ್ನೂ ಅರದಿಂದಲೇ ದುಂಡಗೆ ಮಾಡಬೇಕು. ಸ್ಯಾಂಡ್‌ಪೇಪರ್ ಅಂಚಿನ ಚೂಪು ತೆಗೆಯುತ್ತದೆ ಅಷ್ಟೆ, ದುಂಡಗೆ ಮಾಡುವುದಿಲ್ಲ. ಕಣ್ಣು ಮುಚ್ಚಿ ಬೆರಳು ಆಡಿಸಿದಾಗ ಮೇಲ್ಮೈ ಎಲ್ಲಿ ಮುಗಿಯಿತು, ಅಂಚು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು.

ಆಮೇಲೆ ಸ್ಯಾಂಡ್‌ಪೇಪರ್. ನಂಬರ್ ಹೆಚ್ಚಿದಷ್ಟೂ ಕಾಗದ ನಯ. 80, 120, 180, 240, 320, ಇದೇ ಕ್ರಮದಲ್ಲಿ. 80 ಆದ ಮೇಲೆ ನೇರ 240ಕ್ಕೆ ಹಾರುವುದು ಎಲ್ಲರೂ ಮಾಡುವ ತಪ್ಪು. 80 ನಂಬರ್ ಬಿಟ್ಟ ಗೀರನ್ನು ತೆಗೆಯುವ ಶಕ್ತಿ 240ಕ್ಕೆ ಇಲ್ಲ. ಗೀರುಗಳ ಮೇಲೆಯೇ ಹೊಳಪು ಬರುತ್ತದೆ, ಗೀರು ಒಳಗೇ ಉಳಿಯುತ್ತದೆ. ಪ್ರತಿ ನಂಬರ್ ಮುಗಿದಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಹಿಂದಿನ ಗೀರು ಪೂರ್ತಿ ಹೋದ ಮೇಲೆ ಮುಂದಿನದಕ್ಕೆ ಹೋಗಿ. ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಬೇಕು. ಸಪಾಟು ಭಾಗಕ್ಕೆ ಹಳೇ ಹವಾಯಿ ಚಪ್ಪಲಿಯ ತುಂಡಿಗೆ ಕಾಗದ ಸುತ್ತಿಕೊಳ್ಳಿ. ತೂತಿನೊಳಗೆ ಉಜ್ಜಲು ಅದೇ ಕಾಗದವನ್ನು ದಪ್ಪ ಮಾರ್ಕರ್ ಪೆನ್ನಿಗೆ ಸುತ್ತಿ.

ಅಗ್ಗದ ಕಾಗದ ಕೊಳ್ಳಬೇಡಿ. ಉಗುರಿನಲ್ಲಿ ಕೆರೆದರೆ ಮರಳು ಉದುರುವ ಕಾಗದವಾದರೆ ಆ ಕಣಗಳು ಮರದೊಳಗೇ ಕೂರುತ್ತವೆ. ಗ್ರೈಂಡರ್‌ಗೆ ಡಿಸ್ಕ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸುವವರನ್ನೂ ನೋಡಿದ್ದೇನೆ. ಇಷ್ಟು ಚಿಕ್ಕ ತುಂಡಿಗೆ ಅದು ಕೈಗೂ ಅಪಾಯ, ಮರಕ್ಕೂ ಸುಟ್ಟ ಕಲೆ, ಉಂಗುರದಂಥ ಗುಳಿಗಳು.

320 ಮುಗಿದಾಗ ಮರ ರೇಷ್ಮೆಯಂತಿರುತ್ತದೆ. ಮುಗಿಯಿತು ಅನ್ನಿಸುವುದು ಸಹಜ, ಆದರೆ ಮುಖ್ಯ ಕೆಲಸ ಇನ್ನೂ ಬಾಕಿ ಇದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಎಲ್ಲ ಕಡೆ ನೆನೆಯುವಂತೆ ಒರೆಸಿ, ರಾತ್ರಿಯಿಡೀ ನೆರಳಲ್ಲಿ ಒಣಗಲು ಬಿಡಿ. ಉಜ್ಜುವಾಗ ಮುರಿದು ಮಲಗಿದ್ದ ಸಣ್ಣ ಎಳೆಗಳೆಲ್ಲ ನೀರು ಕುಡಿದು ಎದ್ದು ನಿಲ್ಲುತ್ತವೆ. ಬೆಳಿಗ್ಗೆ ಮುಟ್ಟಿದರೆ ಮತ್ತೆ ಒರಟು. ಜೊಲ್ಲು ತಾಗಿದಾಗ ಮಗುವಿನ ಬಾಯಲ್ಲಿ ಆಗುವುದೂ ಇದೇ. ಅದು ಅಲ್ಲಿ ಆಗುವ ಬದಲು ನಿಮ್ಮ ಮೇಜಿನ ಮೇಲೆ ಆಗಲಿ, ಅಲ್ವಾ? ಈಗ 320ರಲ್ಲಿ ಹಗುರವಾಗಿ ಉಜ್ಜಿ, ಎದ್ದ ಎಳೆಯನ್ನಷ್ಟೇ ತೆಗೆಯಿರಿ. ಒತ್ತಿ ಉಜ್ಜಿದರೆ ಹೊಸ ಎಳೆ ಮುರಿಯುತ್ತದೆ. ಮತ್ತೆ ಒದ್ದೆ ಮಾಡಿ, ಒಣಗಿಸಿ, ಉಜ್ಜಿ. ಒಣಗಿದ ಮೇಲೂ ನಯವಾಗಿಯೇ ಉಳಿಯುವ ತನಕ ಇದನ್ನು ಬಿಡಬೇಡಿ. ಎರಡು ಸಲ ಬೇಕೇ ಬೇಕು, ಕೆಲವು ಮರಕ್ಕೆ ಮೂರು.

ಪರೀಕ್ಷೆಗೆ ಒಂದು ಹಿಡಿ ಹತ್ತಿ ತೆಗೆದುಕೊಂಡು ಮೀನಿನ ಮೇಲೆಲ್ಲ ಎಳೆಯಿರಿ. ಒಂದು ನೂಲೂ ಸಿಕ್ಕಿಕೊಳ್ಳಬಾರದು. ಆಮೇಲೆ ನಿಮ್ಮ ತುಟಿಗೆ ತಾಗಿಸಿ. ಕೆಲಸ ಮಾಡಿ ಗಟ್ಟಿಯಾದ ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯುತ್ತದೆ.

ಈ ಕೆಲಸವನ್ನು ಮಗು ಇರುವ ಕೋಣೆಯಲ್ಲಿ ಮಾಡಬೇಡಿ. ನೀವೂ ಮಾಸ್ಕ್ ಹಾಕಿಕೊಳ್ಳಿ.

ಎಣ್ಣೆ ಸಾಕು

ಮರ ಪೂರ್ತಿ ಒಣಗಿದ ಮೇಲೆ ಗಾಣದ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಮಾರನೇ ದಿನ ಇನ್ನೊಂದು ಸಲ. ಕಡಲೆಕಾಯಿ ಎಣ್ಣೆ ಕೆಲವು ಮಕ್ಕಳಿಗೆ ಅಲರ್ಜಿ. ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಬೆರೆಸಿರುತ್ತಾರೆ. ವಾರ್ನಿಷ್, ಟಚ್‌ವುಡ್‌ನಂಥ ಮರದ ಪಾಲಿಷ್‌ಗಳ ಹೆಸರನ್ನೂ ಎತ್ತಬೇಡಿ. ಜೇನುಮೇಣ ಬೆರೆಸುವವರಿದ್ದಾರೆ. ವರ್ಷ ತುಂಬದ ಮಗುವಿಗೆ ಜೇನು ತಾಗಿಸಬಾರದು ಅಂತ ವೈದ್ಯರು ಹೇಳುವಾಗ ಜೇನುಗೂಡಿನ ಮೇಣವೂ ಈಗ ಬೇಡ ಅನ್ನುವುದು ನನ್ನ ನಿಲುವು.

ಬಣ್ಣ ಹಾಕಲೇಬೇಕಾ ಅಂತ ಕೇಳುತ್ತಾರೆ. ಬೇಡ. ಬೀಟ್‌ರೂಟ್ ಬಣ್ಣ ಜೊಲ್ಲಿಗೆ ಬಿಡುತ್ತದೆ, ಅರಿಶಿನ ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ. ಚನ್ನಪಟ್ಟಣದವರ ಬಣ್ಣ ಗಟ್ಟಿ ನಿಲ್ಲುವುದಕ್ಕೆ ಕಾರಣ ಬೇರೆ. ಅವರು ಚರಕಿಯಲ್ಲಿ (ಲೇತ್) ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕುಂಚದಲ್ಲಿ ಅದು ಆಗದು. ಬಣ್ಣದ ಆಟಿಕೆ ಬೇಕಿದ್ದರೆ ಅವರದ್ದನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಒದ್ದೆ ಬಿಳಿ ಬಟ್ಟೆಯಲ್ಲಿ ಜೋರಾಗಿ ಉಜ್ಜಿ, ಬಟ್ಟೆಗೆ ಬಣ್ಣ ಹತ್ತಿದರೆ ಬಿಟ್ಟುಬಿಡಿ.

ಮೀನು ಚೆನ್ನಾಗಿ ಬಂದರೆ ಎರಡು ಇಂಚಿನ ರೀಪರ್ (ಮರದ ಪಟ್ಟಿ) ತಂದು ಚೌಕ ತುಂಡುಗಳನ್ನೂ ಕೊಯ್ಯಬಹುದು. ಅಳತೆ ಅದಕ್ಕಿಂತ ಚಿಕ್ಕದು ಮಾಡಬೇಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸುವ ಕೊಳವೆಯ ಅಗಲ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಗಂಟಲಿಗೆ ಅಪಾಯ.

ಮೀನನ್ನು ಕುದಿಸಬೇಡಿ, ನೀರಲ್ಲಿ ನೆನೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಮರ ಮಂಕಾದಾಗ ಮತ್ತೆ ಎಣ್ಣೆ. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಮಗುವಿನ ಕೈಗೆ ಕೊಡಬೇಡಿ. ತೂತಿಗೆ ದಾರ ಕಟ್ಟಿ ತೊಟ್ಟಿಲಿಗೆ ನೇತುಹಾಕುವುದಂತೂ ಬೇಡವೇ ಬೇಡ. ಕೂತು ಆಡುವ ಮಗು ಎಳೆಯಲಿ ಅಂತ ಕಟ್ಟಿದರೂ ದಾರ ಒಂದು ಗೇಣಿಗಿಂತ ಉದ್ದ ಇರಬಾರದು. ಅದಕ್ಕಿಂತ ಉದ್ದದ್ದು ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.